ಬಾಯಿಯ ರುಚಿಗಾಗಿ ಒಂದು ಪ್ರವಾಸ

ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ದೇವರ ದರ್ಶನಕ್ಕೋ ಶಿಲ್ಪಗಳ ದರ್ಶನಕ್ಕೋ ಹೊರಡುವದುಂಟು. ನಾವು ದಂಪತಿಗಳು ಈ ಸಲದ ಪುಷ್ಯಮಾಸದಲ್ಲಿ ಬಾಗಲಕೋಟೆಯ ಸೀಮೆಯನ್ನು ಸುತ್ತಿದ್ದು ಚಟ್ನಿಗಾಗಿ. ಓದುಗರು ನಗಬಾರದು, ಅದಕ್ಕೆ ಕಾರಣವಿತ್ತು.

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸೋದರತ್ತೆಗೆ ವಯಸ್ಸು ಎಂಬತ್ತನ್ನು ದಾಟಿದೆ. ಕಾರ್ತಿಕದಲ್ಲಿ ಬಂದ ಜ್ವರವು ಬಿಟ್ಟು ಎರಡು ತಿಂಗಳಾದರೂ ಅವರಿಗೆ ಊಟ ಸೇರದಾಯಿತು. ಬೇರೆ ರೋಗವೇನೂ ಇಲ್ಲ, ಹೊಟ್ಟೆಗೆ ಅನ್ನ ಹೋದರೆ ಸಾಕು ಎಂದು ವೈದ್ಯರು ಹೇಳಿದ್ದರು. ಆದರೆ ಹೋಗಬೇಕಲ್ಲ! ಗಂಜಿಯನ್ನು ಒಯ್ದರೆ ಮುಖ ತಿರುವುವರು. “ಏನ ತಿಂದರೂ ಮಣ್ಣ ತಿಂದಂಗ ಆಗತೈತಿ, ನನ್ನ ಕಾಡಬ್ಯಾಡ್ರಿ” ಎನ್ನುವರು. ಸೀರೆಯ ನೆರಿಗೆ ನಿಲ್ಲದಷ್ಟು ಇಳಿದುಹೋಗಿದ್ದರು. ಒಂದು ದಿನ ಮಾತ್ರ ತಾವಾಗಿಯೇ, “ಒಳ್ಳಾಗ ಕುಟ್ಟಿದ ಅಗಸಿ ಚಟ್ನಿ ಇದ್ದರ ಒಂದ ತುತ್ತು ಉಣತಿದ್ದೆ” ಎಂದರು.

ಈ ಮಾತಿನ ಹಿಂದೆ ಒಂದು ಕಥೆಯಿದೆ. ಅವರ ಮನೆಯು ಹಳೆಯ ಊರಿನಲ್ಲಿತ್ತು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಿಂದ ಊರಿನ ಒಂದು ಭಾಗವು ಮುಳುಗಡೆಯಾದಾಗ ಅವರೂ ನವನಗರಕ್ಕೆ ಬಂದರು. ತೊಲೆ, ಕಂಬ, ಬಾಗಿಲುಗಳನ್ನೆಲ್ಲ ಕಿತ್ತು ತಂದರು. ಅಡುಗೆಮನೆಯ ನೆಲದಲ್ಲಿ ಹುಗಿದ ಒಳ್ಳು ಮಾತ್ರ ಏಳಲಿಲ್ಲ. ಅಂದಿನಿಂದ ಮನೆಯಲ್ಲಿ ಚಟ್ನಿಯನ್ನು ಯಂತ್ರದಲ್ಲಿ ತಿರುವುವದು ರೂಢಿಯಾಯಿತು. ಅತ್ತೆಯವರು ಅದನ್ನು ಚಟ್ನಿಯೆಂದು ಒಪ್ಪಿದವರೇ ಅಲ್ಲ. ಅವರ ಹಟದಲ್ಲಿ ಸತ್ಯಾಂಶವಿದೆ. ಯಂತ್ರದ ಅಲಗು ಕಾಳನ್ನು ಕತ್ತರಿಸುವದು. ಒನಕೆಯು ಅದನ್ನು ಜಜ್ಜುವದು. ಜಜ್ಜಿದ ಕಾಳಿನಿಂದ ಎಣ್ಣೆಯು ಮೆಲ್ಲಗೆ ಹೊರಬಿದ್ದು ಬೆಳ್ಳುಳ್ಳಿಯ ರಸವನ್ನೂ ಖಾರವನ್ನೂ ಹಿಡಿದುಕೊಳ್ಳುವದು.

ಅತ್ತೆಯವರ ಮೊಮ್ಮಗನು ರಶಿಯಾದಲ್ಲಿ ವೈದ್ಯಕೀಯವನ್ನು ಓದಿ ಮರಳಿದ್ದನು. ಮೋಟಾರನ್ನು ನಡೆಸುವ ಹೊಣೆಯನ್ನು ಅವನೇ ಹೊತ್ತನು. ಮೊದಲು ಬಾದಾಮಿಗೆ ಹೋದೆವು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೆಳಗಿನಿಂದಲೇ ನೆನೆದು ಮುಂದೆ ಸಾಗಿದೆವೆಂದರೆ ವಿದ್ವಾಂಸರು ಕ್ಷಮಿಸಬೇಕು. ನಮ್ಮ ಗಮ್ಯವು ಚೊಳಚಗುಡ್ಡದ ಬನಶಂಕರಿಯಾಗಿತ್ತು.

ಬನಶಂಕರಿಯು ಶಾಕಂಬರಿ. ಬರಗಾಲದಲ್ಲಿ ತನ್ನ ದೇಹದಿಂದಲೇ ಕಾಯಿಪಲ್ಲೆಗಳನ್ನು ಹುಟ್ಟಿಸಿ ಲೋಕವನ್ನು ಉಳಿಸಿದವಳೆಂದು ಪುರಾಣವು ಹೇಳುವದು. ಬನದ ಹುಣ್ಣಿಮೆಯ ತೇರಿಗೆ ಮುಂಚೆ ನಡೆಯುವ ಪಲ್ಲೇದ ಹಬ್ಬದಲ್ಲಿ ಅವಳಿಗೆ ಕಾಯಿಪಲ್ಲೆಗಳಿಂದ ಮಾಡಿದ 108 ಬಗೆಯ ನೈವೇದ್ಯವಾಗುವದು. ದೇವಿಗೆ ತಕ್ಕ ಬೀದಿಯೂ ಅಲ್ಲಿದೆ. ಗುಡಿಯ ಬಳಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಗಳನ್ನು ಮುಂದಿಟ್ಟು ಕೂತಿರುವರು. ಬುಟ್ಟಿಯ ಬಟ್ಟೆಯನ್ನು ಸರಿಸಿದರೆ ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಮೊಳಕೆಯ ಕಾಳಿನ ಪಲ್ಯ, ತುಂಬುಗಾಯಿ ಬದನೆ, ಶೇಂಗಾ, ಗುರೆಳ್ಳು, ಅಗಸೆಗಳ ಚಟ್ನಿ, ಕೆಂಪು ಖಾರ, ಚಿಕ್ಕ ಕುಡಿಕೆಗಳಲ್ಲಿ ಗಟ್ಟಿ ಮೊಸರು. ಜೊತೆಗೆ ಹಸಿಯ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿಯ ತಪ್ಪಲು.

ನಾವು ಊಟಕ್ಕೆ ಕೂತಾಗ ಹುಡುಗನು ತಟ್ಟೆಯನ್ನೇ ನೋಡುತ್ತ, “ಇದು ಝಕೂಸ್ಕಿ!” ಎಂದನು. ಹಾಗೆಂದರೇನೆಂದು ಕೇಳಲಾಗಿ ವಿವರಿಸಿದನು. ರಶಿಯಾದಲ್ಲಿ ಅತಿಥಿಗಳು ಬಂದರೆ ಬಿಸಿಯ ಸಾರಿಗಿಂತ ಮುಂಚೆ ಹಸಿವನ್ನು ಎಬ್ಬಿಸುವದಕ್ಕಾಗಿ ಸಣ್ಣ ಸಣ್ಣ ತಣ್ಣನೆಯ ಪದಾರ್ಥಗಳನ್ನು ಇಡುವರು: ಉಪ್ಪುನೀರಿನಲ್ಲಿ ಹುಳಿಬರಿಸಿದ ಮಿಡಿಸೌತೆ ಮತ್ತು ಎಲೆಕೋಸು, ಅಣಬೆ, ಮೀನು, ಬೀಟರೂಟಿನ ಕಲಸು. ಅಲ್ಲಿಯ ಬೇಸಿಗೆಯು ಅಲ್ಪ, ಚಳಿಗಾಲವು ದೀರ್ಘ. ಆದ್ದರಿಂದ ಬೆಳೆದದ್ದನ್ನು ಉಪ್ಪಿನಲ್ಲಿ ಉಳಿಸಿಕೊಳ್ಳುವದು ಅನಿವಾರ್ಯ. ಅವುಗಳ ಸಂಗಡ ಮದ್ಯವೂ ನಡೆಯುವದಂತೆ. ಆ ಭಾಗವನ್ನು ನಮ್ಮ ಓದುಗರು ಬಿಟ್ಟು ಓದಬಹುದು. ನಮಗನಿಸಿದ ಭೇದವು ಇಷ್ಟೆ: ಅವರಲ್ಲಿ ಇವು ಊಟಕ್ಕೆ ಪೀಠಿಕೆ, ನಮ್ಮ ಸೀಮೆಯಲ್ಲಿ ಹಚ್ಚಿಕೊಳ್ಳುವ ಈ ಪದಾರ್ಥಗಳಿಲ್ಲದೆ ರೊಟ್ಟಿಗೆ ಊಟವೆಂಬ ಹೆಸರೇ ಬಾರದು.

ಬುಟ್ಟಿಯ ತಾಯಿಯೊಬ್ಬರು ಅಗಸೆಯ ಚಟ್ನಿಯನ್ನು ತಮ್ಮ ಮನೆಯ ಒಳ್ಳಿನಲ್ಲಿಯೇ ಕುಟ್ಟಿದ್ದೆಂದು ಆಣೆಯಿಟ್ಟು ಕೊಟ್ಟರು. ವಿಧಾನವನ್ನೂ ಹೇಳಿದರು. ಒಂದು ಬಟ್ಟಲು ಅಗಸೆಯನ್ನು ಕಬ್ಬಿಣದ ಹಂಚಿನಲ್ಲಿ ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಬೇಕು, ಹೊತ್ತಿದರೆ ಕಹಿಯಾಗುವದು. ಆರಿದ ಮೇಲೆ ಎಂಟು-ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಖಾರದ ಪುಡಿ, ಚೂರು ಹುಣಸೆ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಬೇಕು. ಖಾರವನ್ನು ಕಡೆಗೆ ಹಾಕಿದರೆ ಕುಟ್ಟುವವರ ಕಣ್ಣಿಗೆ ಒಳ್ಳೆಯದು.

ಹುನಗುಂದದಲ್ಲಿ ಹೆಚ್ಚು ನಿಲ್ಲಲಿಲ್ಲ. ಸಂತೆಯಲ್ಲಿ ಬೆಳ್ಳುಳ್ಳಿ, ಬೀಟರೂಟ್ ಕೊಂಡೆವು. ಇಳಕಲ್ಲಿನಲ್ಲಿ ಪರಿಚಯದ ನೇಕಾರರ ಮನೆಗೆ ಹೋದೆವು. ಕುಣಿಮಗ್ಗದ ಮೇಲೆ ಸೀರೆಯ ಒಡಲ ಹಾಸಿಗೆ ಕೆಂಪು ರೇಶಿಮೆಯ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿಯಿಂದ ಕೂಡಿಸುತ್ತಿದ್ದರು. ಆ ಕೆಲಸವು ಮುಗಿಯುವವರೆಗೆ ಯಜಮಾನರು ಏಳಲಿಲ್ಲ. ಗೃಹಿಣಿಯು ನಮ್ಮ ಕಥೆಯನ್ನು ಕೇಳಿ, ಒಳಗಿನಿಂದ ಒಂದು ಪುಟ್ಟ ಕಲ್ಲಿನ ಒಳ್ಳನ್ನು ತಂದು ಮುಂದಿಟ್ಟರು. “ನಮ್ಮಲ್ಲಿ ಎರಡ ಅದಾವ. ಒಂದ ಅವ್ವಾರಿಗೆ ಒಯ್ಯಿರಿ” ಎಂದರು. ಬೆಲೆಯನ್ನು ಕೇಳಿದ್ದಕ್ಕೆ ಅವರಿಗೆ ಸಿಟ್ಟು ಬಂದಿತು.

ಸಾಯಂಕಾಲ ನವನಗರದಲ್ಲಿ ಹುಡುಗನೂ ತನ್ನ ಕೈಚಳಕವನ್ನು ತೋರಿಸಿದನು. ಒಂದು ಲೀಟರು ನೀರಿಗೆ ಎರಡು ದೊಡ್ಡ ಚಮಚ ಉಪ್ಪು, ಬೆಳ್ಳುಳ್ಳಿ, ಸಬ್ಬಸಿಗೆ ಹಾಕಿ ಎಳೆಯ ಸೌತೆಯನ್ನು ಮೂರು ದಿನ ಮುಂಚೆಯೇ ಭರಣಿಯಲ್ಲಿ ಮುಳುಗಿಸಿಟ್ಟಿದ್ದನು. (1990ರ ದಶಕದಿಂದ ಕರ್ನಾಟಕದಲ್ಲಿ ಬೆಳೆಯುತ್ತಿರುವ ಮಿಡಿಸೌತೆಯನ್ನು ಕೊಳ್ಳುವ ದೇಶಗಳಲ್ಲಿ ರಶಿಯಾವೂ ಒಂದೆಂಬುದು ವಿನೋದವೇ ಸರಿ.) ಬೇಯಿಸಿ ಆರಿಸಿದ ಎರಡು ಬೀಟರೂಟ್, ಎರಡು ಬಟಾಟೆ, ಒಂದು ಗಜ್ಜರಿಗಳನ್ನು ಸಣ್ಣಗೆ ಹೆಚ್ಚಿದನು. ಬೀಟರೂಟಿಗೆ ಮೊದಲೇ ಸೂರ್ಯಪಾನದ ಎಣ್ಣೆಯನ್ನು ಸವರಿದರೆ ಅದರ ಬಣ್ಣವು ಉಳಿದವುಗಳಿಗೆ ಹತ್ತದೆಂದು ತೋರಿಸಿಕೊಟ್ಟನು. ಮೇಲೆ ಹುಳಿಬಂದ ಸೌತೆ, ಉಳ್ಳಾಗಡ್ಡಿ, ಉಪ್ಪು ಬೆರೆಸಿದನು. ಇದಕ್ಕೆ ಅಲ್ಲಿ ವಿನಿಗ್ರೆತ್ ಎನ್ನುವರಂತೆ.

ಅತ್ತೆಯವರ ತಟ್ಟೆಯಲ್ಲಿ ಅರ್ಧ ರೊಟ್ಟಿ, ಅಗಸೆಯ ಚಟ್ನಿ, ಮೊಸರು, ನಾಲ್ಕು ಎಲೆ ಹಕ್ಕರಕಿ, ಒಂದು ಚಮಚ ವಿನಿಗ್ರೆತ್ ಇಟ್ಟೆವು. ಬದಿಯಲ್ಲಿ ಆ ಒಳ್ಳು. ಅವರು ಮೊದಲು ಒಳ್ಳಿನ ಅಂಚಿನ ಮೇಲೆ ಕೈಯಾಡಿಸಿದರು. ಬಳಿಕ ಚಟ್ನಿಗೆ ಮೊಸರು ಕಲಸಿ ಒಂದು ತುತ್ತು, ಮತ್ತೊಂದು. ಯಾರೂ ಮಾತಾಡಲಿಲ್ಲ.

“ಇದೇನೋ ತಮ್ಮಾ ಕೆಂಪಗ?”

“ರಶಿಯಾದ್ದು ಆಯಿ. ತಿಂದು ನೋಡು.”

ತಿಂದರು. ಕೆಲಹೊತ್ತು ಅಗಿದು, “ಇದು ನಮ್ಮ ಪಚಡೀನ ಅಲ್ಲೇನು? ನಾಳೆ ಇದಕ್ಕ ಒಂದೀಟ ಗುರೆಳ್ಳ ಪುಡಿ ಹಾಕು” ಎಂದು, ಉಳಿದ ಅರ್ಧ ರೊಟ್ಟಿಗೆ ಕೈಚಾಚಿದರು.