ದೇವರ ಚಿತ್ತ, ನೆರೆಯವರ ಬಾಯಿ

ದೇವರ ಚಿತ್ತವನ್ನು ಅರಿಯುವುದು ಬಹಳ ಕಷ್ಟವೆಂದು ಸಭಾಪಾಲಕರು ಹೇಳುತ್ತಾರೆ. ಅವರು ಮಂಗಳೂರಿನ ನಮ್ಮ ಕೇರಿಗೆ ಬಂದು ನೋಡಬೇಕು. ಇಲ್ಲಿ ಯಾರ ಮನೆಗೆ ಕಷ್ಟ ಬಂದರೂ ಅದು ದೇವರ ಚಿತ್ತವೆಂದು ಪಕ್ಕದ ಮನೆಯವರಿಗೆ ಕೂಡಲೇ ಗೊತ್ತಾಗುತ್ತದೆ. ಸ್ವಂತ ಮನೆಯ ಕಷ್ಟ ಮಾತ್ರ ಕೆಲವೊಮ್ಮೆ ಸೈತಾನನ ಕೆಲಸ, ಕೆಲವೊಮ್ಮೆ ಸೊಸೆಯದು.

ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿದಾಗ ಈ ಜ್ಞಾನ ದಿನಾ ಸಂಜೆ ನಮ್ಮ ಜಗಲಿಗೆ ಬರತೊಡಗಿತು. ಜೇಡಿಮಣ್ಣು ದುಬಾರಿಯಾಗಿತ್ತು, ಜನ ಹಂಚು ಬಿಟ್ಟು ತಾರಸಿ ಹಾಕಿಸುತ್ತಿದ್ದರು; ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಬಂದವರು, ಅವರಲ್ಲಿ ಹೆಚ್ಚಿನವರು ತಾರಸಿ ಮನೆಯವರೇ, ಹಲಸಿನ ಹಪ್ಪಳ ಮುರಿಯುತ್ತ "ಎಲ್ಲ ದೇವರ ಚಿತ್ತ" ಎನ್ನುತ್ತಿದ್ದರು. ಅಪ್ಪ ತಲೆಯಾಡಿಸುತ್ತಿದ್ದರು.

ಹಪ್ಪಳ ಕಾಯಿಸುತ್ತಿದ್ದ ದೊಡ್ಡತ್ತೆಗೆ ಇದು ಸೇರಲಿಲ್ಲ. ಒಂದು ಸಂಜೆ ಒಳಗಿನಿಂದಲೇ ಕೇಳಿಬಿಟ್ಟರು: "ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಾಡದೆ ಕೂತಿದ್ದರು ಮಾರಾಯ್ರೇ. ನಿಮಗೆ ಒಂದು ಹಪ್ಪಳ ಮುಗಿಯುವವರೆಗೂ ಆಗುವುದಿಲ್ಲವಾ?"

ದೊಡ್ಡತ್ತೆ ಸತ್ಯವೇದ ಓದುವ ಬಗೆಯೇ ಬೇರೆ. ನಾವು ಕೇಳಿ ಬೆಳೆದದ್ದು ಎಲ್ಲ ಕಳೆದುಕೊಂಡರೂ ದೇವರನ್ನು ದೂಷಿಸದ, ತಾಳ್ಮೆಯ ಯೋಬನನ್ನು. ಅವನು ಇರುವುದು ಮೊದಲ ಎರಡು ಅಧ್ಯಾಯಗಳಲ್ಲಿ. ಯೋಬನ ಗ್ರಂಥದಲ್ಲಿ ಇರುವುದು 42 ಅಧ್ಯಾಯ. ಮೂರನೆಯದರಲ್ಲೇ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಮುಂದೆ ದೇವರೊಂದಿಗೇ ವಾದಕ್ಕಿಳಿಯುತ್ತಾನೆ. ಸ್ನೇಹಿತರು ದೇವರ ಪರ ವಕಾಲತ್ತು ಹಾಕಿ, ಎಲ್ಲ ನಿನ್ನ ಪಾಪದ ಫಲವೆಂದು ಸಾಧಿಸುತ್ತಾರೆ. ಕಡೆಗೆ ದೇವರ ಕೋಪ ತಿರುಗುವುದು ಈ ಪುಕ್ಕಟೆ ವಕೀಲರ ಮೇಲೆ. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಗುತ್ತದೆ. ಗೆತ್ಸೇಮನೆ ತೋಟದಲ್ಲಿ ಯೇಸುವೂ ಮೊದಲು ಬೇಡಿಕೊಂಡದ್ದು ಆ ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂದೇ. ತಂದೆಯ ಚಿತ್ತದ ಮಾತು ಆಮೇಲೆ ಬಂತು. ಆಗ ಶಿಷ್ಯರು ನಿದ್ದೆ ಮಾಡುತ್ತಿದ್ದರು.

"ದೇವಕುಮಾರನಿಗೇ ಮೊದಲು ಬೇಡ ಅನ್ನಿಸಿತು. ನಿನ್ನ ಅಪ್ಪ ಹಂಚು ಸುಡುವವನು, ಅವನಿಗೆ ಅನ್ನಿಸಬಾರದಾ?" ಎಂದು ದೊಡ್ಡತ್ತೆ ನನ್ನನ್ನು ಕೇಳಿದ್ದರು.

ಅವರ ಪ್ರಾರ್ಥನೆಯೂ ಹಾಗೇ. ಹಾಲಿನವನ ಬಾಕಿ, ತಮ್ಮನ ಕೆಲಸ, ನನ್ನ ಫೀಸು ಎಲ್ಲವನ್ನೂ ಹೆಸರು ಹಿಡಿದು ಹೇಳಿ, ಉತ್ತರಕ್ಕೆಂಬಂತೆ ತುಸು ಕಾದು, "ಆಯ್ತು, ನಿನ್ನ ಚಿತ್ತ" ಎಂದು ಆಮೆನ್ ಹೇಳುತ್ತಿದ್ದರು. ಮರುದಿನ ಅದೇ ಪಟ್ಟಿ ಮತ್ತೆ. ಇದೆಂಥ ನಂಬಿಕೆ ಎಂದು ಆಗ ನಗು ಬರುತ್ತಿತ್ತು. ಕಿಟಕಿಯ ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದರೆ ಯಾರು ದಿನಾ ಅರ್ಜಿ ಹಿಡಿದು ನಿಲ್ಲುತ್ತಾರೆ?

ನಮ್ಮ ಹಂಚು ಹುಟ್ಟಿದ್ದೂ ಕಷ್ಟದಿಂದಲೇ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಿಗೆ ಮನೆ, ಜಾತಿ, ಕಸುಬು ಎಲ್ಲ ತಪ್ಪಿದಾಗ ಅನ್ನಕ್ಕೆ ದಾರಿಯೆಂದು ಮಗ್ಗ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಅದರ ಜರ್ಮನ್ ಮಿಷನರಿಗಳನ್ನು ಹಿಡಿದು ಶಿಬಿರಕ್ಕೆ ಹಾಕಿತು, ಕಾರ್ಖಾನೆಗಳು ಬೇರೆಯವರ ಕೈಸೇರಿದವು. "ಆಗಲೂ ಚಿತ್ತ ಹೇಳಲಿಕ್ಕೆ ಜನ ಬಂದಿರಬೇಕು. ಆದರೆ ನಮ್ಮವರು ಬದುಕಿದ್ದು ಅಕ್ಕಿ ತಂದವರಿಂದ" ಎನ್ನುವುದು ದೊಡ್ಡತ್ತೆಯ ಇತಿಹಾಸ.

ಕಡೆಗೆ ಅಪ್ಪನಿಗೆ ಕೆಲಸ ಸಿಕ್ಕಿತು. ತಾರಸಿಯ ಮೇಲೆ ತಾರಸಿ ಪೇರಿಸಿದ ಫ್ಲ್ಯಾಟೊಂದರಲ್ಲಿ ವಾಚ್‌ಮನ್ ಕೆಲಸ. ದೊಡ್ಡತ್ತೆ ಬಿದ್ದು ಬಿದ್ದು ನಕ್ಕರು. "ಕೇಳಿದ್ದು ಕೊಟ್ಟ, ಜೊತೆಗೆ ಚೂರು ತಮಾಷೆಯನ್ನೂ ಮಾಡಿದ" ಎಂದು ಸ್ತೋತ್ರ ಹೇಳಿದರು.

ಈಗ ದೊಡ್ಡತ್ತೆ ಇಲ್ಲ. ಮಣ್ಣು ಮಾಡಿ ಬಂದ ಸಂಜೆ ಜಗಲಿ ತುಂಬ ಜನ; ಹಳೆಯ ಮಾತು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಸರಿಯಾದ ಉತ್ತರ ಕೊಡಬಲ್ಲ ಒಬ್ಬರೇ ಒಬ್ಬರನ್ನು ಈಗಷ್ಟೇ ಗುಡ್ಡದ ಮೇಲೆ ಬಿಟ್ಟು ಬಂದಿದ್ದೆವು. ನಾನು ಒಳಗೆ ಹೋಗಿ, ಅವರು ಕಲಿಸಿದ ಕ್ರಮದಲ್ಲೇ, "ಬೇಡ" ಎಂಬಲ್ಲಿಂದ ಶುರುಮಾಡಿದೆ. ಚಿತ್ತದ ಮಾತಿನವರೆಗೆ ಬರಲು ಇನ್ನೂ ಕೆಲವು ದಿನ ಬೇಕು. ಕಾಯಲು ದೇವರಿಗೇನೂ ತೊಂದರೆಯಿಲ್ಲ; ಅವಸರವೆಲ್ಲ ಜಗಲಿಯವರಿಗೇ.