ಸಮೀಕ್ಷೆಯನ್ನು ನಂಬಿದ ಮತದಾರ

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುನ್ನ ನಡೆಯುವ ಪ್ರೈಮರಿಯಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದಕ್ಕೂ ಮತದಾರರೇ ಮತ ನೀಡುತ್ತಾರೆ. ಆ ದೇಶದ ಪೌರತ್ವ ಪಡೆದ ಬಳಿಕ, 2008ರ ಜನವರಿ 8ರಂದು, ನಾವು ಮೊದಲ ಬಾರಿಗೆ ನ್ಯೂ ಹ್ಯಾಂಪ್‌ಷೈರಿನ ಮತಗಟ್ಟೆಗೆ ಹೋದೆವು. ಯಾವ ಪಕ್ಷಕ್ಕೂ ಸೇರದವರಿಗೆ ಅಲ್ಲಿ ಎರಡು ಪಕ್ಷಗಳಲ್ಲಿ ಒಂದರ ಮತಪತ್ರ ಮಾತ್ರ ದೊರೆಯುತ್ತದೆ. ನಮ್ಮ ಮನಸ್ಸು ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮರ ಕಡೆಗಿತ್ತು. ಐದು ದಿನಗಳ ಹಿಂದೆ ಅಯೋವಾದಲ್ಲಿ ಜಯಿಸಿದ್ದ ಅವರು ಇಲ್ಲಿಯೂ ಗೆಲ್ಲುವರೆಂದು ಸಮೀಕ್ಷೆಗಳು ಸಾರಿದ್ದವು. ಹಾಗಿದ್ದ ಮೇಲೆ ನಮ್ಮ ಮತವೇಕೆಂದು ರಿಪಬ್ಲಿಕನ್ ಮತಪತ್ರ ಪಡೆದು, ನೇರನುಡಿಯ ಜಾನ್ ಮೆಕೇನರನ್ನು ಬೆಂಬಲಿಸಿದೆವು. ಅವರು ಗೆದ್ದರು. ಆದರೆ ಇತ್ತ ಹಿಲರಿ ಕ್ಲಿಂಟನ್ ಸುಮಾರು 7,500 ಮತಗಳಿಂದ ಒಬಾಮರನ್ನು ಹಿಂದಿಕ್ಕಿದ್ದರು. ನವೆಂಬರಿನಲ್ಲಿ ಒಬಾಮರೇ ಅಧ್ಯಕ್ಷರಾಗಿ ಆಯ್ಕೆಯಾದದ್ದು ನಿಜ. ಆದರೂ ನಮ್ಮ ತೀರ್ಮಾನವನ್ನು ಪರರ ಎಣಿಕೆಗೆ ಒಪ್ಪಿಸಿದೆವೆಂಬ ಕೊರಗು ಇಂದಿಗೂ ಉಳಿದಿದೆ.