ಸಾಲದ ಚೀಟಿ

ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ, ಸ್ವರ್ಗ-ನರಕಗಳ ಬಗ್ಗೆಯೋ ನಮಾಝಿನ ಬಗ್ಗೆಯೋ ಇರಬೇಕೆಂದು ಹಲವರು ಊಹಿಸುತ್ತಾರೆ. ಅದು ಇರುವುದು ಸಾಲದ ಬಗ್ಗೆ. ಎರಡನೆಯ ಅಧ್ಯಾಯವಾದ ಅಲ್ ಬಕರಾದ 282ನೆಯ ಆಯತ್ ಅದು. ಮದೀನಾ ಮುದ್ರಣದ ಮುಸ್‌ಹಫ್‌ನಲ್ಲಿ ಒಂದಿಡೀ ಪುಟ ಅದಕ್ಕೇ ಬೇಕು. ರಮಝಾನಿನ ತರಾವೀಹ್‌ನಲ್ಲಿ ಹಾಫಿಝರು ಅದನ್ನು ಓದುವಾಗ ಸಫ್‌ನಲ್ಲಿ ಜವಳಿ ಅಂಗಡಿಯವರು, ಮೀನಿನ ವ್ಯಾಪಾರಿಗಳು, ಆಟೋ ಕಂತು ಕಟ್ಟುವ ಹುಡುಗರು ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತಾರೆ. ದೇವರ ಮುಂದೆ ಕೈಕಟ್ಟಿ ನಿಂತು ಅವರು ಕೇಳುತ್ತಿರುವುದು ಸಾಲಪತ್ರ ಬರೆಯುವ ಬಗೆಯನ್ನು. ದೀನ್ ಎಂಬುದು ಮಸೀದಿಯ ಮೆಟ್ಟಿಲಿಳಿದು ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ಬರುತ್ತದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ?

ಆ ಆಯತ್‌ನ ವಿವರಗಳನ್ನು ನೋಡಿ. ಸಾಲಕ್ಕೆ ಅವಧಿ ಗೊತ್ತುಮಾಡಿ ಬರೆದಿಡಬೇಕು, ಸಾಕ್ಷಿ ಇಟ್ಟುಕೊಳ್ಳಬೇಕು. ಮೊತ್ತ ಸಣ್ಣದೆಂದು ಬರೆಯಲು ಬೇಸರಪಡಬಾರದು. ಬರೆಯಬಲ್ಲವನು ಒಲ್ಲೆ ಎನ್ನಬಾರದು. ಬರೆದವನಿಗೂ ಸಾಕ್ಷಿ ನಿಂತವನಿಗೂ ತೊಂದರೆ ಕೊಡಬಾರದು. ಸ್ಥಳದಲ್ಲೇ ಕೊಟ್ಟು-ತೆಗೆದುಕೊಳ್ಳುವ ವ್ಯಾಪಾರವನ್ನು ಬರೆಯದಿದ್ದರೂ ತಪ್ಪಿಲ್ಲ. ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುವ ವಿವರ ಇನ್ನೊಂದು: ಪತ್ರದ ಒಕ್ಕಣೆ ಹೇಳಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು. ಅವನಿಗೆ ಹೇಳಲು ಬಾರದಿದ್ದರೆ ಅವನ ಪರವಾಗಿ ಪೋಷಕ ನ್ಯಾಯವಾಗಿ ಹೇಳಬೇಕು. ಓದುಬರಹ ಬಾರದವರಿಂದ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರರ ಕಥೆ ಕೇಳಿ ಬೆಳೆದ ನಮಗೆ ಈ ಒಂದು ವಿವರದ ಬೆಲೆ ಬೇಗ ತಿಳಿಯುತ್ತದೆ.

ಆದರೂ ನಮ್ಮ ಮನೆಗಳಲ್ಲಿ ನಡೆಯುವುದೇನು? ಮಗಳ ಮದುವೆಗೋ ಗಲ್ಫ್ ವೀಸಾಕ್ಕೋ ಭಾವನಿಂದ ದುಡ್ಡು ಪಡೆಯುವಾಗ ಚೀಟಿಯ ಮಾತೆತ್ತಿದರೆ "ಏನು, ನನ್ನ ಮೇಲೆ ನಂಬಿಕೆ ಇಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಕೆಲವು ವರ್ಷ ಕಳೆದ ಮೇಲೆ ಒಬ್ಬರ ನೆನಪಿನಲ್ಲಿ ಐವತ್ತು ಸಾವಿರ, ಇನ್ನೊಬ್ಬರ ನೆನಪಿನಲ್ಲಿ ನಲವತ್ತು. ಇಬ್ಬರೂ ಪ್ರಾಮಾಣಿಕರೇ, ಆದರೆ ಈದ್‌ನ ದಿನ ಒಬ್ಬರ ಮನೆಗೆ ಒಬ್ಬರು ಹೋಗುವುದು ನಿಂತಿರುತ್ತದೆ. ಬರೆದಿಟ್ಟರೆ ಸಂಶಯಕ್ಕೆ ಎಡೆಯಿರದು ಎಂದು ಆಯತ್ ತಾನೇ ಕಾರಣ ಕೊಡುತ್ತದೆ. ಚೀಟಿ ಸಂಬಂಧವನ್ನು ಕೆಡಿಸುವುದಿಲ್ಲ, ಕಾಯುತ್ತದೆ. ಈಗಂತೂ ಲೇಖಕನನ್ನು ಹುಡುಕಬೇಕಾಗಿಲ್ಲ. ಪಡೆದವನೇ ವಾಟ್ಸಾಪಿನಲ್ಲಿ ಸಲಾಮ್ ಹೇಳಿ, ಇಷ್ಟು ಪಡೆದೆ, ಬಕ್ರೀದಿನೊಳಗೆ ಕೊಡುತ್ತೇನೆ, ಇನ್‌ಶಾ ಅಲ್ಲಾಹ್ ಎಂದು ಬರೆದು ಕಳಿಸಿದರಾಯಿತು.

ಲೆಕ್ಕ ಇಷ್ಟು ಬಿಗಿಯಾದರೆ ಕರುಣೆಗೆ ಜಾಗವೆಲ್ಲಿ ಎನ್ನುವವರು ಎರಡು ಆಯತ್ ಹಿಂದಕ್ಕೆ ಹೋಗಬೇಕು. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಯಿರಿ, ಮನ್ನಾ ಮಾಡಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ 280ನೆಯದು. ನಡುವಿನ 281, ಎಲ್ಲರೂ ಅಲ್ಲಾಹನ ಬಳಿಗೆ ಮರಳುವ ದಿನವನ್ನು ನೆನಪಿಸುತ್ತದೆ. ಕೊನೆಗೆ ಅವತೀರ್ಣವಾದದ್ದು ಇದೇ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಕಾಯುವ ಮಾತಿಗೂ ಬರೆಯುವ ಮಾತಿಗೂ ನಡುವೆ ಆ ದಿನ ನಿಂತಿದೆ. ಕೊಟ್ಟವನಿಗೂ ಪಡೆದವನಿಗೂ ಅದೇ ದಿನ.

ಸಾಲ ಮಾಡುವುದೇ ಅವಮಾನ ಎಂದು ಕುಗ್ಗುವವರಿಗೆ ಹೇಳಬೇಕು: ಪ್ರವಾದಿಯವರು(ಸ) ತೀರಿಕೊಂಡಾಗ ಅವರ ಕವಚ ಮೂವತ್ತು ಸಾಅ್ ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಅಡವಿತ್ತು ಎಂದು ಆಯಿಷಾರ ವರದಿ ಬುಖಾರಿಯಲ್ಲಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ಹಾಗೆಂದು ಸಾಲವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಸಾಲ ಉಳಿಸಿ ಸತ್ತವನೊಬ್ಬನ ಜನಾಝಾ ನಮಾಝನ್ನು ಪ್ರವಾದಿಯವರು ನಡೆಸಲಿಲ್ಲ, ನಿಮ್ಮ ಸಂಗಾತಿಯ ನಮಾಝನ್ನು ನೀವೇ ಮಾಡಿ ಎಂದರು. ಸಾಲದ ಹೊಣೆ ನನ್ನದು ಎಂದು ಅಬೂ ಕತಾದಾ ಮುಂದೆ ಬಂದ ಮೇಲಷ್ಟೇ ನಡೆಸಿದರು. ಮುಂದೆ ಸಂಪತ್ತು ಬಂದಾಗ, ಸಾಲ ಉಳಿಸಿ ಸತ್ತವರ ಸಾಲ ತೀರಿಸುವ ಹೊಣೆಯನ್ನು ತಾವೇ ಹೊತ್ತರು.

ಇಂದಿಗೂ ನಮ್ಮ ಊರುಗಳಲ್ಲಿ ಮಯ್ಯತ್ ಮುಂದಿರುವಾಗ ಮಗನೋ ತಮ್ಮನೋ ಎದ್ದುನಿಂತು, ಇವರಿಂದ ಯಾರಿಗಾದರೂ ಬರಬೇಕಾದ್ದಿದ್ದರೆ ನಮ್ಮನ್ನು ಕಾಣಿ ಎಂದು ಹೇಳುವುದುಂಟು. ಆ ಮಾತು ಎಷ್ಟು ಸಲ ಕೇಳಿದರೂ ನನ್ನ ಎದೆ ತುಂಬಿಬರುತ್ತದೆ. ಆದರೆ ಆ ಹೊತ್ತಿನಲ್ಲಿ ಎದ್ದು ಕೇಳಲಾಗದ, ಬಾಕಿ ಬರಬೇಕಾದವಳು ಒಬ್ಬಳಿರುತ್ತಾಳೆ. ಅವಳು ತೀರಿಕೊಂಡವನ ಹೆಂಡತಿ. ನಿಕಾಹ್‌ನ ದಿನ ಹತ್ತಾರು ಜನರ ಎದುರು ಒಪ್ಪಿದ ಮಹರ್ ಬಾಕಿಯಿದ್ದರೆ ಅದೂ ಸಾಲವೇ. ಮಹರನ್ನು ಸಂತೋಷದಿಂದ ಕೊಡಬೇಕೆಂಬ ಆಜ್ಞೆ ಅನ್ನಿಸಾ ಅಧ್ಯಾಯದಲ್ಲಿದೆ. ಗಂಡನ ಶವದ ಮುಂದೆ ಅಳುತ್ತಿರುವ ಹೆಣ್ಣಿನ ಬಳಿ ಹೋಗಿ, ಮಹರ್ ಮಾಫ್ ಮಾಡಿದೆ ಎಂದು ಹೇಳಮ್ಮಾ ಎಂದು ಒತ್ತಾಯಿಸುವುದು ಕೆಲವು ಕಡೆ ಇನ್ನೂ ಇದೆ. ಆ ಹೊತ್ತಿನಲ್ಲಿ ಅವಳಿಂದ ಬರುವ 'ಹೂಂ' ಮನಸಾರೆ ಬಂದ ಒಪ್ಪಿಗೆಯಲ್ಲ. ಈ ಪದ್ಧತಿ ನಿಲ್ಲಬೇಕು. ಆಸ್ತಿ ಹಂಚುವ ಮೊದಲು ಸಾಲ ತೀರಬೇಕೆಂದು ಅದೇ ಅನ್ನಿಸಾ ಹೇಳುವಾಗ, ಅವಳ ಸಾಲವೊಂದೇ ಅಳುವಿನಲ್ಲಿ ಕರಗಿಹೋಗುವುದು ಯಾವ ನ್ಯಾಯ?

ಹಾಗಾಗಿ ಜುಮಾದ ದಿನ ಸೂರತುಲ್ ಕಹ್ಫ್ ಓದಿ ಮುಗಿಸಿದವರು ಒಂದು ಹಾಳೆಯನ್ನೂ ತೆಗೆದುಕೊಳ್ಳಲಿ. ದಿನಸಿಯಂಗಡಿಯ ಉದ್ರಿ, ಅಕ್ಕನಿಂದ ಪಡೆದ ಕೈಸಾಲ, ಬಾಕಿಯಿರುವ ಮಹರ್, ಎಲ್ಲವನ್ನೂ ಅವಧಿಯ ಸಹಿತ ಅದರಲ್ಲಿ ಬರೆಯಲಿ. ಬರೆದದ್ದನ್ನು ಬೀರುವಿನಲ್ಲಿ ಮಡಚಿಡುವ ಮೊದಲು ಹೆಂಡತಿಗೆ ಓದಿ ಹೇಳಲಿ, ಅವಳ ಹೆಸರಿನ ಮುಂದಿರುವ ಬಾಕಿಯನ್ನೇ ಮೊದಲು ತೀರಿಸಲಿ.